ಎನ್-ರೋಡ್ಸ್: ಕಲ್ಲಿದ್ದಲು ಅದುಮಿದರೆ ಉಬ್ಬುವುದು ಯಾವುದು?

ಒಂದು ಇಂಧನಕ್ಕೆ ಹಾಕಿದ ತೆರಿಗೆ ಇನ್ನೊಂದರ ಉತ್ಪಾದನೆಯನ್ನು ಹೇಗೆ ಹೆಚ್ಚಿಸುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಎನ್-ರೋಡ್ಸ್‌ನಷ್ಟು ಸಲೀಸಾದ ಹವಾಮಾನ ನೀತಿ ಸಿಮ್ಯುಲೇಟರ್ (ನೀತಿಯ ಪರಿಣಾಮವನ್ನು ಗಣಕದಲ್ಲೇ ಲೆಕ್ಕ ಹಾಕಿ ತೋರಿಸುವ ಮಾದರಿ) ಕಡಿಮೆ. ಕ್ಲೈಮೇಟ್ ಇಂಟರ‍್ಯಾಕ್ಟಿವ್ ಎಂಬ ಲಾಭರಹಿತ ಸಂಸ್ಥೆ ಮತ್ತು ಅಮೆರಿಕದ ಎಂಐಟಿಯ ವ್ಯವಹಾರ ಶಾಲೆ ಸ್ಲೋನ್ 2019ರ ಡಿಸೆಂಬರ್‌ನಲ್ಲಿ ಹೊರತಂದದ್ದು. ಬ್ರೌಸರ್‌ನಲ್ಲೇ ಓಡುತ್ತದೆ, ಕಾಸು ಕೊಡಬೇಕಿಲ್ಲ.

ಇಂಧನ ಮೂಲಗಳ ಗ್ರಾಫ್ ತೆರೆದಿಟ್ಟು, ಕಲ್ಲಿದ್ದಲಿನ ಸ್ಲೈಡರ್ ಒಂದನ್ನೇ ತೆರಿಗೆಯ ಕಡೆಗೆ ಕೊನೆವರೆಗೂ ಎಳೆಯಿರಿ. ಕಲ್ಲಿದ್ದಲು ಕುಗ್ಗುತ್ತದೆ, ಅದುಮಿದ ಬಲೂನಿನ ಹಾಗೆ ಅನಿಲ ಉಬ್ಬುತ್ತದೆ. ಆದ್ದರಿಂದ ತಾಪಮಾನ ಅಂದುಕೊಂಡಷ್ಟು ಇಳಿಯುವುದಿಲ್ಲ. ಸೌರ, ಪವನ ವಿದ್ಯುತ್ತಿಗೆ ಸಬ್ಸಿಡಿ ಕೊಟ್ಟರೆ ವಿದ್ಯುತ್ ಅಗ್ಗವಾಗಿ ಬೇಡಿಕೆಯೇ ಏರುತ್ತದೆ. ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಸೋರಿತು. ಕಾರ್ಬನ್ ಬೆಲೆ, ಅಂದರೆ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ಗೆ ಹಾಕುವ ಶುಲ್ಕ, ಕಲ್ಲಿದ್ದಲು, ತೈಲ, ಅನಿಲ ಮೂರರ ಮೇಲೂ ಒಟ್ಟಿಗೆ ಬೀಳುವುದರಿಂದ ಈ ಸೋರಿಕೆ ಕಡಿಮೆ.

ಹೊಸಬರು ಎಡವುವುದು ಏಕಮಾನದಲ್ಲಿ. ಕಲ್ಲಿದ್ದಲಿಗೆ ತೆರಿಗೆ ಟನ್ನಿಗೆ, ತೈಲಕ್ಕೆ ಬ್ಯಾರಲ್‌ಗೆ. ಪ್ರಮಾಣಿತ ಟನ್ ಕಲ್ಲಿದ್ದಲು ಉರಿದರೆ ಸುಮಾರು 2.75 ಟನ್ ಇಂಗಾಲದ ಡೈಆಕ್ಸೈಡ್, ಬ್ಯಾರಲ್ ತೈಲಕ್ಕೆ ಸುಮಾರು 0.43 ಟನ್. ಅಂದರೆ ಎರಡಕ್ಕೂ 50 ಡಾಲರ್ ಹಾಕಿದರೆ, ಟನ್ ಡೈಆಕ್ಸೈಡ್‌ಗೆ ಕಲ್ಲಿದ್ದಲಿನ ಮೇಲೆ ಬೀಳುವುದು ಸುಮಾರು 18 ಡಾಲರ್, ತೈಲದ ಮೇಲೆ 116. ಸ್ಲೈಡರ್‌ಗಳನ್ನು ಸಮಕ್ಕೆ ನಿಲ್ಲಿಸಿ ‘ಎರಡಕ್ಕೂ ಒಂದೇ ತೆರಿಗೆ’ ಎನ್ನುವವರು ಈ ಭಾಗಾಕಾರ ಮಾಡಿರುವುದಿಲ್ಲ.

ದೊಡ್ಡ ಕೊರತೆ ಬೇರೆಯೇ ಇದೆ. ಜರ್ಮನ್ ಅರ್ಥಶಾಸ್ತ್ರಜ್ಞ ಹ್ಯಾನ್ಸ್-ವರ್ನರ್ ಸಿನ್ ‘ಹಸಿರು ವಿರೋಧಾಭಾಸ’ ಎಂದು ಕರೆದದ್ದು ಇದರಲ್ಲಿ ಸಿಗದು. ತೆರಿಗೆ ಬಡ್ಡಿದರಕ್ಕಿಂತ ವೇಗವಾಗಿ ಏರುತ್ತದೆಂದು ಗೊತ್ತಾದರೆ, ನಾಳೆ ಮಾರುವುದಕ್ಕಿಂತ ಇವತ್ತೇ ತೋಡಿ ಮಾರುವುದು ಗಣಿ ಮಾಲೀಕನಿಗೆ ಲಾಭ. ಗಣಿ ಮಾಲೀಕನ ಈ ಮುಂಗಾಣ್ಕೆಯ ಲೆಕ್ಕ ಮಾದರಿಯಲ್ಲಿಲ್ಲ. ಹಾಗಾಗಿ ತೆರಿಗೆ ಶುರುವಾಗುವ ವರ್ಷವನ್ನು ಮುಂದೂಡಿ ನೋಡಿದಾಗ ಬರೀ ತಡವಾದ ನಷ್ಟ ಕಾಣುತ್ತದೆ, ಅವಸರದ ಉತ್ಪಾದನೆ ಕಾಣುವುದಿಲ್ಲ. ತರಗತಿಗೆ ಧಾರಾಳವಾಗಿ ಬಳಸಿ. ‘ಹತ್ತು ವರ್ಷ ಬಿಟ್ಟು ತೆರಿಗೆ’ ಎಂಬ ಪ್ರಸ್ತಾವವನ್ನು ಮಾತ್ರ ಇದರಿಂದ ಅಳೆಯಬೇಡಿ.

ಇಡೀ ಜಗತ್ತು ಇಲ್ಲಿ ಒಂದೇ ಘಟಕ. ಒಂದು ದೇಶ ಬಳಸದೆ ಬಿಟ್ಟ ತೈಲವು ಬೆಲೆ ಇಳಿಸಿ ಇನ್ನೊಂದರಲ್ಲಿ ಉರಿಯುವುದನ್ನು ನೋಡಬೇಕಾದರೆ ದೇಶವಾರು ವ್ಯಾಪಾರವಿರುವ ಜಿಟ್ಯಾಪ್-ಇ (GTAP-E) ಥರದ ಆರ್ಥಿಕ ಮಾದರಿಯೇ ಬೇಕು. ಅದು ಕೈಗೆ ಹತ್ತಲು ವಾರಗಟ್ಟಲೆ ಹಿಡಿಯುತ್ತದೆ.