ಮ್ಯಾಡಿಸನ್ ನದಿಯ ಟ್ರೌಟ್‌ಗೆ ಡ್ರೈ ಫ್ಲೈ, ನಿಂಫ್ ಮತ್ತು ಜೋಡಿ ಫ್ಲೈ: ಒಂದು ಹೋಲಿಕೆ

ಅಮೆರಿಕದ ಮೊಂಟಾನಾದ ಮ್ಯಾಡಿಸನ್ ನದಿಯು ಕ್ವೇಕ್ ಲೇಕ್‌ನಿಂದ ಹೊರಬಿದ್ದ ಮೇಲೆ ಎನ್ನಿಸ್ ಊರಿನ ತನಕ ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲದೆ, ಬಂಡೆಗಳ ನಡುವೆ ರಭಸದಿಂದ ಹರಿಯುತ್ತದೆ. ಲಯನ್ಸ್ ಸೇತುವೆಗಿಂತ ಮೇಲಿನ ಭಾಗದಲ್ಲಿ ದೋಣಿಯಲ್ಲಿ ಕುಳಿತು ಮೀನು ಹಿಡಿಯಲು ಅನುಮತಿಯಿಲ್ಲ. ನೀರಿಗಿಳಿದು ನಿಂತೇ ಗಾಳ ಹಾಕಬೇಕು. ಅಲ್ಲಿ ಒಂಬತ್ತು ಅಡಿಯ ಒಂದೇ ರಾಡ್ ಹಿಡಿದು, ಹಲವು ಬೇಸಿಗೆಗಳಲ್ಲಿ ಮೂರೂ ವಿಧಾನಗಳನ್ನು ಪರೀಕ್ಷಿಸಿ ನೋಡಿದ್ದೇನೆ. ಹುಳುವಿನಂತೆ ಕಾಣುವ ಹಾಗೆ ಕಟ್ಟಿದ ಕೊಕ್ಕೆಯೇ ಫ್ಲೈ: ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ಮರಿಹುಳುವಿನಂತೆ ನೀರೊಳಗೆ ಸಾಗುವುದು ನಿಂಫ್, ಎರಡನ್ನೂ ಒಂದೇ ಲೈನಿಗೆ ಕಟ್ಟಿದರೆ ಜೋಡಿ ಫ್ಲೈ.

ಎಷ್ಟು ಮೀನು ಸಿಕ್ಕಿತು ಎಂಬುದೊಂದೇ ಅಳತೆಯಾದರೆ ನಿಂಫ್‌ಗೆ ಸಾಟಿಯಿಲ್ಲ. ಟ್ರೌಟ್ ತನ್ನ ಆಹಾರದ ಬಹುಪಾಲನ್ನು ನೀರಿನೊಳಗೇ ಹುಡುಕಿಕೊಳ್ಳುವುದರಿಂದ, ತಳದ ಹತ್ತಿರ ಸಾಗುವ ಫೆಸೆಂಟ್ ಟೇಲ್ ಅಥವಾ ಸ್ಟೋನ್‌ಫ್ಲೈ ನಿಂಫ್ ನಡುಹಗಲಿನಲ್ಲೂ ಫಲ ಕೊಡುತ್ತದೆ. ಆದರೆ ಇಂಡಿಕೇಟರ್ (ಮೀನು ಕಚ್ಚಿದ್ದನ್ನು ತೋರಿಸುವ ತೇಲುಗುಂಡು) ಮತ್ತು ತೂಕದ ಗುಂಡು ಕಟ್ಟಿದ ಲೈನ್, ಬಂಡೆಯ ಹಿಂದಿನ ಮೊಣಕಾಲುದ್ದದ ನೀರಿಗೆ ಬಿದ್ದ ಸದ್ದಿಗೇ ಅಲ್ಲಿದ್ದ ಮೀನು ಚದರಿಹೋಗುತ್ತದೆ. ಅದೂ ಅಲ್ಲದೆ, ಟ್ರೌಟ್‌ಗೆಂದು ಹಾಕಿದ ಗಾಳಕ್ಕೆ ವೈಟ್‌ಫಿಶ್ ಬರುವುದು ಇಲ್ಲಿ ಸಾಮಾನ್ಯ.

ಡ್ರೈ ಫ್ಲೈಗೆ ಹೊತ್ತು ಕೂಡಿಬರಬೇಕು. ಜುಲೈ ಸಂಜೆಗಳಲ್ಲಿ ಕ್ಯಾಡಿಸ್ ಹುಳುಗಳು ದಡದ ಗಿಡಗಳಿಂದೆದ್ದು ನೀರಿನ ಮೇಲೆ ಹಾರಾಡತೊಡಗಿದಾಗ, ಅಲ್ ಟ್ರೋತ್ 1957ರಲ್ಲಿ ರೂಪಿಸಿದ ಎಲ್ಕ್ ಹೇರ್ ಕ್ಯಾಡಿಸ್‌ನಷ್ಟು ನಂಬಿಕೆಗೆ ಅರ್ಹವಾದ ಫ್ಲೈ ನನಗೆ ಇನ್ನೊಂದು ಸಿಕ್ಕಿಲ್ಲ. ಕಷ್ಟವಿರುವುದು ಅದನ್ನು ಸಹಜವಾಗಿ ತೇಲಿಸುವುದರಲ್ಲಿ: ನನಗೂ ಮೀನಿಗೂ ನಡುವಿನ ವೇಗದ ಸೆಳವು ಲೈನನ್ನು ಎಳೆದೊಡನೆ ಫ್ಲೈ ತನ್ನ ಹಿಂದೆ ಸಣ್ಣ ಗೆರೆ ಬಿಡುತ್ತ ಅಡ್ಡಕ್ಕೆ ಜಾರುತ್ತದೆ, ಮೂತಿ ಎತ್ತಿದ್ದ ಬ್ರೌನ್ ಟ್ರೌಟ್ ಅದನ್ನು ನೋಡಿ ಹಾಗೆಯೇ ಕೆಳಗಿಳಿದುಬಿಡುತ್ತದೆ. ರಾಡಿನ ತುದಿಯನ್ನು ಎತ್ತಿ ಹಿಡಿದು, ಲೈನಿನ ತುದಿಯ ತೆಳುದಾರವಾದ ಲೀಡರ್ ಮಾತ್ರ ನೀರಿಗೆ ತಾಗುವಷ್ಟು ಹತ್ತಿರದಿಂದ ಎಸೆದರೆ ಎರಡು ಮೂರು ಸೆಕೆಂಡಿನ ಶುದ್ಧ ತೇಲು ದೊರೆಯುತ್ತದೆ. ಬಂಡೆಯ ಹಿಂದಿನ ಮೀನಿಗೆ ಅಷ್ಟು ಸಾಕು.

ಈ ಬಂಡೆಗಳ ನೀರಿಗೆ, ಹಗಲಿನಲ್ಲಿ, ನಾನು ಆರಿಸಿಕೊಳ್ಳುವುದು ಮೂರನೆಯದನ್ನು: ಚೆನ್ನಾಗಿ ತೇಲುವ ಒಂದು ದೊಡ್ಡ ಡ್ರೈ ಫ್ಲೈ, ಅದರ ಕೊಕ್ಕೆಯ ಬಾಗಿಗೆ ಒಂದೂವರೆ ಅಡಿ ಟಿಪ್ಪೆಟ್ ಎಂಬ ಸಪೂರ ದಾರ, ತುದಿಯಲ್ಲಿ ಮಣಿ ಪೋಣಿಸಿದ ಸಣ್ಣ ನಿಂಫ್. ಇಂಡಿಕೇಟರಿನ ಕೆಲಸವನ್ನು ಮೇಲಿನ ಫ್ಲೈ ಸದ್ದಿಲ್ಲದೆ ಮಾಡುತ್ತದೆ, ಕೆಲವೊಮ್ಮೆ ಮೀನು ಅದನ್ನೇ ಕಚ್ಚುವುದೂ ಉಂಟು. ಎದೆಮಟ್ಟದ ಮಡುವುಗಳಲ್ಲಿ ಮಾತ್ರ ಇದು ತಳ ಮುಟ್ಟುವುದಿಲ್ಲವಾದ್ದರಿಂದ ಅಲ್ಲಿ ತೂಕದ ನಿಂಫ್‌ಗೇ ಮರಳಬೇಕಾಗುತ್ತದೆ.

ಜೋಡಿ ಫ್ಲೈಯ ವಿಷಯದಲ್ಲಿ ನನ್ನನ್ನು ನಿಜವಾಗಿ ಕಾಡುವ ಕೊರತೆ ಬೇರೆಯೇ ಇದೆ. ಮೊಂಟಾನಾ ರಾಜ್ಯವು ಇದೇ ನದಿಯಲ್ಲಿ ನಡೆದ ಅಧ್ಯಯನದ ನಂತರ, 1970ರ ದಶಕದಲ್ಲಿ, ಸಾಕಿದ ಟ್ರೌಟ್‌ಗಳನ್ನು ಇಂಥ ನದಿಗಳಿಗೆ ಬಿಡುವುದನ್ನು ನಿಲ್ಲಿಸಿತು. ಈಗ ಇಲ್ಲಿರುವವು ನದಿಯಲ್ಲೇ ಹುಟ್ಟಿ ಬೆಳೆದ ಮೀನುಗಳು; ಹಿಡಿದು ಬಿಟ್ಟದ್ದು ಗಾಯದಿಂದ ಸತ್ತರೆ ಅದರ ಜಾಗಕ್ಕೆ ಸಾಕಿದ ಮೀನು ಬರುವುದಿಲ್ಲ. ಒಂದು ಕೊಕ್ಕೆಗೆ ಸಿಕ್ಕ ಮೀನು ಹೊರಳಾಡುವಾಗ ಇನ್ನೊಂದು ಕೊಕ್ಕೆ ಅದರ ಪಕ್ಕೆಗೋ ಕಣ್ಣಿಗೋ ಚುಚ್ಚಬಹುದು. ಆದ್ದರಿಂದ ಎರಡೂ ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಕೊಳ್ಳುತ್ತೇನೆ, ಸಂಜೆ ಕ್ಯಾಡಿಸ್ ಎದ್ದೊಡನೆ ಕೆಳಗಿನ ನಿಂಫನ್ನು ಕತ್ತರಿಸಿ ತೆಗೆದು ಡ್ರೈ ಫ್ಲೈ ಒಂದನ್ನೇ ಉಳಿಸಿಕೊಳ್ಳುತ್ತೇನೆ.