ಶ್ರೀಶೈಲದ ಹಾದಿಯಲ್ಲಿ ನೋವಿನ ಗುಳಿಗೆ: ಪಾದಯಾತ್ರೆಗೆ ಹೊರಡುವವರ ಗಮನಕ್ಕೆ

ಯುಗಾದಿಗೆ ಮುಂಚೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಊರೂರುಗಳಿಂದ ಮಲ್ಲಯ್ಯನ ಕಂಬಿಯೊಂದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಿಗಾಗಿ, ಅದರಲ್ಲೂ ಬಿ.ಪಿ. ಅಥವಾ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವ ಹಿರಿಯರನ್ನು ಆ ಹಾದಿಗೆ ಕಳಿಸಿಕೊಡುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಕಾಕಾ ಆ ಹಾದಿಯಲ್ಲಿ ಎರಡೂ ಮೂತ್ರಪಿಂಡಗಳನ್ನು ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದರು. ಬಿಸಿಲು, ಬೆವರು ಮತ್ತು ದಿನವಿಡೀ ನಡಿಗೆಯಿಂದ ಬಳಲಿದ್ದ ದೇಹಕ್ಕೆ ಮೊಣಕಾಲು ನೋವಿನ ಗುಳಿಗೆಗಳು ಸೇರಿದ್ದೇ ಇದಕ್ಕೆ ಕಾರಣವೆಂದು ಆಮೇಲೆ ವೈದ್ಯರು ಹೇಳಿದರು. ಆ ಗುಳಿಗೆಗಳನ್ನು ಅವರಿಗೆ ಕೊಟ್ಟವರು ಕೆಟ್ಟವರಲ್ಲ, ಸೇವಾ ಮನೋಭಾವದ ಒಳ್ಳೆಯ ಜನ. ಹೀಗಾಗಿಯೇ ಈ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾದಿಯ ಪರಿಚಯವಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗದಗದಿಂದ ಕೊಪ್ಪಳ, ಗಂಗಾವತಿ, ಸಿರುಗುಪ್ಪ, ಅಲ್ಲಿಂದ ಆಂಧ್ರದ ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು ಎಂದು ನಾವು ಹೋದ ದಾರಿ ಸುಮಾರು ನಾನೂರು ಕಿಲೋಮೀಟರಿನದು. ಆತ್ಮಕೂರಿನ ಆಚೆ ವೆಂಕಟಾಪುರದಿಂದ ನಲ್ಲಮಲ ಅಡವಿ ಶುರುವಾಗುತ್ತದೆ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ದಾಟಿ ಕೈಲಾಸ ದ್ವಾರದ ಮೆಟ್ಟಿಲು ಹತ್ತಿದರೆ ಶ್ರೀಶೈಲ ಹತ್ತಿರವಾಗುತ್ತದೆ. ಈ ಅಡವಿ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಶಿವರಾತ್ರಿ ಮತ್ತು ಯುಗಾದಿಯ ಸಮಯದಲ್ಲಿ ಯಾತ್ರಿಕರಿಗೆ ದಾರಿ ಬಿಡುತ್ತಾರೆ. ಭ್ರಮರಾಂಬೆಯನ್ನು ನಮ್ಮ ಮನೆಯ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವ ನಮ್ಮ ಕಡೆಯ ಜನರಿಗೆ ಈ ನಡಿಗೆ ಒಂದು ನೆಂಟಸ್ತನ. ಕೆಲವರು ಮರಗಾಲು ಕಟ್ಟಿಕೊಂಡು ಸಹ ನಡೆಯುತ್ತಾರೆ. ಇಂಥ ಹಾದಿಯಲ್ಲಿ ಕಾಲು ನೋಯುತ್ತದೆಂದು ಹಿಂದೆ ಸರಿಯುವುದು ಯಾರಿಗೂ ಸುಲಭವಲ್ಲ, ಕಾಕಾ ಅವರಿಗಂತೂ ಅಲ್ಲ.

ಕಾಕಾ ಅರವತ್ತು ದಾಟಿದವರು, ಹೊಲದಲ್ಲಿ ದುಡಿದು ಗಟ್ಟಿಯಾದ ಮೈ. ಹಲವು ವರ್ಷಗಳಿಂದ ಬಿ.ಪಿ.ಗೆ ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಅದು ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧವೂ ಸೇರಿರುವ ಗುಳಿಗೆ ಎಂಬುದು ನಮಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಸಿರುಗುಪ್ಪ ದಾಟುವ ಹೊತ್ತಿಗೆ ಅವರ ಬಲ ಮೊಣಕಾಲು ಊದಿಕೊಂಡಿತ್ತು. ದಾರಿಯುದ್ದಕ್ಕೂ ಸೇವೆಯವರು ಪೆಂಡಾಲು ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಊಟ ಬಡಿಸುತ್ತಾರೆ. ಭಾಷೆ ಬಾರದಿದ್ದರೂ ನಮ್ಮ ಕಾಲು ತೊಳೆಯುವ ಆ ತೆಲುಗು ಸೀಮೆಯ ತಾಯಂದಿರ ಋಣವನ್ನು ತೀರಿಸುವುದು ಸಾಧ್ಯವಿಲ್ಲ. ಅಂಥ ಕೆಲವು ಪೆಂಡಾಲುಗಳಲ್ಲಿ, ನಮ್ಮವರೇ ನಡೆಸುವ ಒಂದೆರಡರಲ್ಲಿಯೂ, ಮೇಜಿನ ಮೇಲೆ ಡಬ್ಬಿ ತುಂಬ ಗುಳಿಗೆಗಳಿರುತ್ತವೆ. ಕಾಲು ನೋವು ಎಂದರೆ ಸಾಕು, ಪಟ್ಟಿಯಿಂದ ಎರಡೋ ನಾಲ್ಕೋ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಬಿ.ಪಿ. ಇದೆಯೇ, ಬೇರೆ ಯಾವ ಔಷಧ ನಡೆದಿದೆ, ಬೆಳಗ್ಗೆ ಏನಾದರೂ ನುಂಗಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಸರದಿ ಅಷ್ಟು ಉದ್ದವಿರುವಾಗ ಕೇಳುವ ವ್ಯವಧಾನವಾದರೂ ಎಲ್ಲಿಂದ ಬರಬೇಕು? ಕಾಕಾ ಒಂದು ಪೆಂಡಾಲಿನಲ್ಲಿ ಕೆಂಪು ಗುಳಿಗೆ, ಮುಂದಿನದರಲ್ಲಿ ಬಿಳಿ ಗುಳಿಗೆ, ಇನ್ನೊಂದರಲ್ಲಿ ಸೊಂಟಕ್ಕೆ ಇಂಜೆಕ್ಷನ್ ಪಡೆದರು. ಬೇರೆ ಬೇರೆ ಬಣ್ಣವಾದ್ದರಿಂದ ಬೇರೆ ಬೇರೆ ಔಷಧವೆಂದೇ ಅವರು ತಿಳಿದಿದ್ದರು. ನುಂಗಿದ ಅರ್ಧ ಗಂಟೆಯಲ್ಲಿ ನೋವು ಇಳಿಯುತ್ತಿತ್ತು, ಕಾಕಾ ಮೊದಲಿಗಿಂತ ಬಿರುಸಾಗಿ ನಡೆಯುತ್ತಿದ್ದರು, ಮತ್ತು ಅದನ್ನು ಕಂಡು ನಮಗೆಲ್ಲ ಸಮಾಧಾನವಾಗುತ್ತಿತ್ತು.

ಆದೋನಿಯಿಂದ ಮುಂದೆ ಬಿಸಿಲು ಬೇರೆಯೇ ತೆರನಾದದ್ದು. ಮಾರ್ಚ್ ಕೊನೆಯಲ್ಲಿ ರಾಯಲಸೀಮೆಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಡಾಂಬರು ರಸ್ತೆಯ ಮೇಲೆ ಅದಕ್ಕಿಂತ ಹೆಚ್ಚು ಕಾವು ಕಾಲಿಗೆ ತಾಗುತ್ತದೆ. ಕರ್ನೂಲು ದಾಟಿದ ಮೇಲೆ ಕಾಕಾ ಅವರ ಪಾದದ ಹರಡು ಊದಿಕೊಂಡಿತು. ನಡಿಗೆಯಿಂದ ಎಂದುಕೊಂಡೆವು. ಊಟ ಸೇರದಾಯಿತು, ಬಿಸಿಲಿನಿಂದ ಎಂದುಕೊಂಡೆವು. ಆತ್ಮಕೂರಿನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, ಮೂತ್ರ ಸರಿಯಾಗಿ ಬರುತ್ತಿಲ್ಲ, ಬಂದಷ್ಟೂ ಚಹಾದ ಬಣ್ಣದ್ದು ಎಂದರು. "ಉಷ್ಣ ಆಗೇತಿ ತಮ್ಮಾ, ಬ್ಯಾರೇ ಏನಿಲ್ಲ. ಮಲ್ಲಯ್ಯ ನಡಸ್ತಾನ, ನಡೀ" ಎಂದು ತಾವೇ ಸಮಾಧಾನವನ್ನೂ ಹೇಳಿದರು. ಗುಂಪಿನ ಹಿರಿಯರು ಜೀರಿಗೆ ನೀರು, ಎಳನೀರು ಕುಡಿಸಿದರು. ನಾಗಲೂಟಿಯ ಆಚೆ ವಾಂತಿ ಶುರುವಾಯಿತು, ಬಿಕ್ಕಳಿಕೆ ನಿಲ್ಲಲಿಲ್ಲ, ಮಾತು ಅಡ್ಡಾದಿಡ್ಡಿಯಾಯಿತು. ಪೆಚ್ಚೆರುವಿನಲ್ಲಿ ಅವರನ್ನು ಮಲಗಿಸಿದಾಗ ಹಿಂದಿನ ಸಂಜೆಯಿಂದ ಮೂತ್ರವೇ ಆಗಿಲ್ಲವೆಂದು ತಿಳಿಯಿತು. ಅಲ್ಲಿ ನಮ್ಮ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಯಾತ್ರಿಕರಿಗಾಗಿ ನೀರು ತಂದಿದ್ದ ಟ್ರ್ಯಾಕ್ಟರಿನ ಹುಡುಗನೊಬ್ಬ ಅವರನ್ನು ಮಲಗಿಸಿಕೊಂಡು ಕಲ್ಲುದಾರಿಯಲ್ಲಿ ಆತ್ಮಕೂರಿಗೆ ಹಿಂದಿರುಗಿಸದಿದ್ದರೆ ಈ ಬರಹ ಬೇರೆಯೇ ಆಗಿರುತ್ತಿತ್ತು.

ಕರ್ನೂಲಿನ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಯಾವ ಗುಳಿಗೆ ನುಂಗಿದ್ದಾರೆ ಎಂಬುದನ್ನು. ಕಾಕಾ ಅವರ ಒಳಕಿಸೆಯಿಂದ ತೆಲುಗು ಪತ್ರಿಕೆಯ ಚೂರಿನಲ್ಲಿ ಸುತ್ತಿದ ಪಟ್ಟಿಯ ತುಣುಕುಗಳು ಸಿಕ್ಕವು. ಕತ್ತರಿಸುವಾಗ ಹೆಸರು ತುಂಡಾಗಿತ್ತು. ಒಂದರ ಮೇಲೆ "ಫೆನಾಕ್" ಎಂಬ ಕೊನೆಯ ಅಕ್ಷರಗಳಷ್ಟೇ ಉಳಿದಿದ್ದವು, ಇನ್ನೊಂದರ ಮೇಲೆ ಬರಿಯ ಬೆಲೆ. ಅವಧಿ ಮುಗಿಯುವ ದಿನಾಂಕ ಯಾವುದರ ಮೇಲೂ ಇರಲಿಲ್ಲ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 6.8 ಇತ್ತು, ಆರೋಗ್ಯವಂತ ಗಂಡಸರಲ್ಲಿ ಅದು ಹೆಚ್ಚೆಂದರೆ 1.3ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಡಯಾಲಿಸಿಸ್ ಮಾಡಿ ಸ್ವಲ್ಪ ಸುಧಾರಿಸಿದ ಮೇಲೆ ಹುಬ್ಬಳ್ಳಿಗೆ ಕರೆತಂದೆವು, ಇಲ್ಲಿಯೂ ಕೆಲಕಾಲ ಡಯಾಲಿಸಿಸ್ ನಡೆಯಿತು.

ಹುಬ್ಬಳ್ಳಿಯ ಕಿಡ್ನಿ ತಜ್ಞರು ನಮಗೆ ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಗೊಂಚಲುಗಳಿವೆ. ಪ್ರತಿಯೊಂದಕ್ಕೂ ರಕ್ತ ತರುವ ನಾಳ ಒಂದು, ಹೊರಗೊಯ್ಯುವ ನಾಳ ಇನ್ನೊಂದು. ಬೆವರಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ರಕ್ತ ತರುವ ನಾಳವನ್ನು ಅಗಲಿಸಿಟ್ಟು ಸೋಸುವ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತವೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಾಪ್ರೊಕ್ಸೆನ್, ಎಟೋರಿಕಾಕ್ಸಿಬ್ ಮುಂತಾದ ನೋವಿನ ಔಷಧಗಳು ನೋವನ್ನು ತಗ್ಗಿಸುವುದೇ ಈ ರಾಸಾಯನಿಕಗಳ ಉತ್ಪಾದನೆಯನ್ನು ತಡೆದು. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಬಿ.ಪಿ. ಔಷಧಗಳು ರಕ್ತ ಹೊರಗೊಯ್ಯುವ ನಾಳವನ್ನು ಸಡಿಲಿಸುತ್ತವೆ. ಮೂತ್ರ ಹೆಚ್ಚಿಸುವ ಔಷಧ ಇದ್ದ ನೀರನ್ನೂ ಹೊರಹಾಕುತ್ತದೆ. ಬರುವ ಕಾಲುವೆಯನ್ನು ಮುಚ್ಚಿ, ತೂಬನ್ನು ತೆರೆದಿಟ್ಟ ಕೆರೆಯಲ್ಲಿ ನೀರು ನಿಲ್ಲದಿರುವಂತೆ, ಈ ಮೂರೂ ಕೂಡಿದಾಗ ಸೋಸುವ ಒತ್ತಡವೇ ಉಳಿಯುವುದಿಲ್ಲ. ಮನೆಯಲ್ಲಿ ನೆರಳಿನಲ್ಲಿ ಕುಳಿತು ವೈದ್ಯರ ಸಲಹೆಯಂತೆ ಒಂದೆರಡು ದಿನ ತೆಗೆದುಕೊಂಡಾಗ ಅನೇಕರಿಗೆ ಏನೂ ಆಗದ ಗುಳಿಗೆ, ಬಿಸಿಲಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ನಡೆಯುವವರಿಗೆ ಅಪಾಯಕಾರಿಯಾಗುವುದು ಹೀಗೆ. ಇದರ ಜೊತೆಗೆ, ಅತಿಯಾಗಿ ದಣಿದ ಸ್ನಾಯುಗಳು ಒಡೆದು ಅವುಗಳ ಬಣ್ಣದ ದ್ರವ್ಯ ಮೂತ್ರಪಿಂಡಕ್ಕೆ ಇಳಿದು ಅಲ್ಲಿ ಇನ್ನಷ್ಟು ಹಾನಿ ಮಾಡುತ್ತದೆ. ಕಾಕಾ ಹೇಳಿದ ಚಹಾದ ಬಣ್ಣ ಅದೇ. ನಮ್ಮ ಆಡುಮಾತಿನ "ಉಷ್ಣ"ದೊಳಗೆ ಅದನ್ನು ಸೇರಿಸಿ ಸುಮ್ಮನಾಗುವುದು ಬಹಳ ಅಪಾಯಕರ.

ಡೈಕ್ಲೋಫೆನಾಕ್ ಎಂಥ ಔಷಧವೆಂಬುದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ಸಾಕ್ಷ್ಯವಿದೆ. ದನಗಳಿಗೆ ಇದನ್ನು ಚುಚ್ಚಿ, ಆ ದನಗಳು ಸತ್ತಾಗ ಅವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿರಾಶಿಯಾಗಿ ಸತ್ತವು. 2006ರಲ್ಲಿ ಜಾನುವಾರುಗಳಿಗೆ ಈ ಔಷಧದ ಬಳಕೆಯನ್ನು ಭಾರತ ನಿಷೇಧಿಸಿತು. ಮನುಷ್ಯನ ದೇಹ ರಣಹದ್ದಿನಷ್ಟು ಸೂಕ್ಷ್ಮವಲ್ಲ, ಆದರೂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಔಷಧವನ್ನು ಪ್ರಸಾದದಂತೆ ಹಂಚುವುದು ಯಾವ ರೀತಿಯಲ್ಲೂ ಸರಿಯಲ್ಲ.

ಹೊರಡುವ ಮೊದಲು ಹಿರಿಯರ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಸಣ್ಣ ಪಟ್ಟಣದ ಲ್ಯಾಬಿನಲ್ಲಿಯೂ ಆಗುವ ಪರೀಕ್ಷೆ ಅದು. ಬಿ.ಪಿ. ಮತ್ತು ಸಕ್ಕರೆಯ ಔಷಧಗಳನ್ನು ನಡಿಗೆಯ ದಿನಗಳಲ್ಲಿ ಹೇಗೆ ತೆಗೆದುಕೊಳ್ಳಬೇಕು, ವಾಂತಿ ಭೇದಿಯಾದರೆ ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ನೀವೇ ನಿರ್ಧರಿಸಿ ಬಿಡಬೇಡಿ. ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಸೆಯಲ್ಲಿಡಿ. ಕಾಲು ನೋಯುವವರಿಗೆ ಬಿಸಿನೀರಿನ ಶಾಖ, ಬಿಗಿಪಟ್ಟಿ, ಊರುಗೋಲು, ಮೇಲೆ ಹಚ್ಚುವ ಮುಲಾಮು ಇವು ಸಾಕಾಗದಿದ್ದರೆ ನಿಜವಾಗಿ ಬೇಕಾಗಿರುವುದು ಒಂದು ದಿನದ ವಿಶ್ರಾಂತಿ. ಗುಳಿಗೆಯೇ ಬೇಕಾದರೆ ಪ್ಯಾರಾಸಿಟಮಾಲ್ ಮಾತ್ರ ಇರುವುದನ್ನು, ಅದರ ಪಟ್ಟಿಯ ಮೇಲಿನ ಹೆಸರನ್ನು ಓದಿ, ಹೇಳಿದ ಪ್ರಮಾಣ ಮೀರದಂತೆ ತೆಗೆದುಕೊಳ್ಳಿ. ಲಿವರ್ ತೊಂದರೆ ಇರುವವರು ಅದನ್ನೂ ಕೇಳಿಯೇ ತೆಗೆದುಕೊಳ್ಳಬೇಕು. ಇಲ್ಲೊಂದು ಮೋಸಹೋಗುವ ಜಾಗವಿದೆ: ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಬೆರೆಸಿದ ಗುಳಿಗೆಗಳು ನಮ್ಮಲ್ಲಿ ಬಹಳ ಓಡುತ್ತವೆ. ಪಟ್ಟಿಯ ಮೇಲೆ ಪ್ಯಾರಾಸಿಟಮಾಲ್ ಎಂಬ ಪದ ಕಂಡಿತೆಂದು ನಂಬಿ ನುಂಗುವವರು ನಮ್ಮ ಗುಂಪಿನಲ್ಲಿಯೇ ಹಲವರಿದ್ದರು.

ನೀರಿನ ವಿಷಯದಲ್ಲಿಯೂ ಒಂದು ಮಾತು. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆ ತಿರುಗುವುದು, ಮಂಪರು, ಕೊನೆಗೆ ಫಿಟ್ಸ್ ಸಹ ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಒಳ್ಳೆಯದು. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೆ ಹಾಕಬೇಕು, ಅರ್ಧ ಲೀಟರಿಗಲ್ಲ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಆದರೆ ಮೂತ್ರ ನಿಂತುಹೋದವರಿಗೆ ಎಳನೀರು, ಓಆರ್‌ಎಸ್ ಕುಡಿಸುತ್ತ ಕೂರಬೇಡಿ. ಅವುಗಳಲ್ಲಿರುವ ಪೊಟ್ಯಾಸಿಯಂ ಹೊರಹೋಗಲು ದಾರಿಯಿಲ್ಲದೆ ರಕ್ತದಲ್ಲಿ ಏರಿ ಹೃದಯದ ಬಡಿತಕ್ಕೇ ಕುತ್ತು ತರಬಹುದು.

ಪೆಂಡಾಲು ಹಾಕುವ ಹಿರಿಯರಲ್ಲಿ, ತರುಣರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ವೈದ್ಯರು ಕುಳಿತಿಲ್ಲದ ಮೇಜಿನ ಮೇಲೆ ನೋವಿನ ಗುಳಿಗೆಯ ಡಬ್ಬಿ ಇಡಬೇಡಿ. ಆ ಹಣದಲ್ಲಿ ಬಿ.ಪಿ. ನೋಡುವ ಯಂತ್ರ, ಓಆರ್‌ಎಸ್ ಪೊಟ್ಟಣ, ಗುಳ್ಳೆಗೆ ಹಚ್ಚುವ ಪಟ್ಟಿ ತನ್ನಿ. ಮಜ್ಜಿಗೆ ಕೊಡುವಾಗ ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು ಹಿರಿಯರನ್ನು ವಿಚಾರಿಸಿ; ನಾಚಿಕೆಯಿಂದ ತಾವಾಗಿ ಹೇಳದವರು ಕೇಳಿದರೆ ಹೇಳುತ್ತಾರೆ. ಗುಂಪಿನ ಹಿಂದೆ ಬರುವ ಗಾಡಿ ಹತ್ತಿದರೆ ಹರಕೆ ಕೆಟ್ಟೀತೆಂಬ ಅಂಜಿಕೆ ಅನೇಕರಲ್ಲಿದೆ. ಕಾಕಾ ಅವರನ್ನು ನೋಡಲು ಬಂದಿದ್ದ ನಮ್ಮೂರ ಮಠದ ಅಜ್ಜಾರು, ನಡೆದಷ್ಟೂ ಮಲ್ಲಯ್ಯನಿಗೆ ಮುಟ್ಟಿದೆ, ಉಳಿದದ್ದನ್ನು ಗಾಡಿಯಲ್ಲಿ ಹೋದರೂ ಅವನು ಬೇಡವೆನ್ನುವುದಿಲ್ಲ ಎಂದರು. ಆ ಮಾತನ್ನು ಹೊರಡುವ ದಿನವೇ, ಕಂಬಿ ಪೂಜೆಯ ಹೊತ್ತಿನಲ್ಲಿಯೇ, ಪ್ರತಿ ಊರಿನ ಅಜ್ಜಾರೂ ಎಲ್ಲರಿಗೂ ಕೇಳುವಂತೆ ಹೇಳಬೇಕೆಂಬುದು ನನ್ನ ಆಸೆ.

ಕಾಕಾ ಈಗ ಮನೆಯಲ್ಲಿದ್ದಾರೆ. ಡಯಾಲಿಸಿಸ್ ನಿಂತಿದೆ, ಕ್ರಿಯಾಟಿನಿನ್ ಮಾತ್ರ ಮೊದಲಿನ ಮಟ್ಟಕ್ಕೆ ಇಳಿದಿಲ್ಲ, ಇಳಿಯುವ ಭರವಸೆಯನ್ನೂ ವೈದ್ಯರು ಕೊಟ್ಟಿಲ್ಲ. ಈ ವರ್ಷ ಹೊರಡುವವರು ಆತ್ಮಕೂರನ್ನು ನಿಮ್ಮ ಗಡಿಯೆಂದು ತಿಳಿಯಿರಿ. ಅಲ್ಲಿಯವರೆಗೆ ರಸ್ತೆಯಿದೆ, ಆಸ್ಪತ್ರೆಯಿದೆ, ಕರ್ನಾಟಕದಲ್ಲಿದ್ದಂತೆ ಆಂಧ್ರದಲ್ಲಿಯೂ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಗುಂಪಿನಲ್ಲಿ ಯಾರಿಗಾದರೂ ಮೂತ್ರ ಕಪ್ಪಾಗಿದ್ದರೆ, ಅರ್ಧ ದಿನದಿಂದ ಆಗದಿದ್ದರೆ, ಹರಡು ಊದಿ ವಾಂತಿ ಬರುತ್ತಿದ್ದರೆ, ಅವರು ಎಷ್ಟೇ ಬೇಡವೆಂದರೂ ವೆಂಕಟಾಪುರದ ಅಡವಿದಾರಿಗೆ ಇಳಿಸದೆ ಅಲ್ಲಿಯೇ ಆಸ್ಪತ್ರೆಗೆ ಸೇರಿಸಿ, ನುಂಗಿದ ಗುಳಿಗೆಗಳ ಪಟ್ಟಿಗಳನ್ನೆಲ್ಲ ವೈದ್ಯರ ಕೈಗೆ ಕೊಡಿ.