ಮೆಷೀನ್ ಮೇಲಿನ 5 ಅಂದರೆ ಐದು ಲೀಟರ್ ಅಲ್ಲ: ಊಟಿಯಲ್ಲಿ ನಾವು ಪಟ್ಟ ಪಾಡು

ಮನೆಯಲ್ಲಿ ಆಕ್ಸಿಜನ್ ಮೇಲಿರುವ ಹಿರಿಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೀರಾ? ಬಾಡಿಗೆ ಮೆಷೀನಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಹೋದ ಮೇ ತಿಂಗಳಲ್ಲಿ ನಾವು ಮಾಡಿದ ತಪ್ಪುಗಳಲ್ಲಿ ಅರ್ಧ ನಮ್ಮದೇ. ಇನ್ನರ್ಧ "ಆಗುತ್ತೆ ಮೇಡಂ, ಏನೂ ಯೋಚನೆ ಮಾಡ್ಬೇಡಿ" ಅಂದವರದು.

ಅಪ್ಪನಿಗೆ 71. ಐಎಲ್‌ಡಿ, ಅಂದರೆ ಶ್ವಾಸಕೋಶ ಬರುಬರುತ್ತಾ ಗಟ್ಟಿಯಾಗುವ ಕಾಯಿಲೆ. ಮೈಸೂರಿನ ಮನೆಯಲ್ಲಿ ಕರೆಂಟಿನಲ್ಲಿ ಓಡುವ ದೊಡ್ಡ ಕಾನ್ಸಂಟ್ರೇಟರ್ ಇದೆ, ಅಂದರೆ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷೀನ್. ನಿಮಿಷಕ್ಕೆ 2 ಲೀಟರ್ ಇಟ್ಟರೆ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡ 94ಕ್ಕೆ ನಿಲ್ಲುತ್ತದೆ. ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗಿದ್ದರಂತೆ. ಮದುವೆಯಾಗಿ 45 ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಸಲ ಕೆರೆ ನೋಡಿಕೊಂಡು ಬರೋಣ ಅಂತ ಅಪ್ಪನೇ ಬಾಯಿಬಿಟ್ಟು ಕೇಳಿದರು. ಅವರು ಏನನ್ನೂ ಕೇಳುವವರಲ್ಲ. ಹಾಗಾಗಿ ನಾನೂ ತಮ್ಮನೂ ಎರಡನೇ ಮಾತಾಡಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಅಂದುಬಿಟ್ಟಾರು ಅನ್ನುವ ಭಯ.

ದೊಡ್ಡ ಮೆಷೀನ್ 16 ಕೆಜಿ. ಡಿಕ್ಕಿಯಲ್ಲಿ ಜಾಗ ಸಾಲದು ಅಂತ ತಮ್ಮ ಅದನ್ನು ಮನೆಯಲ್ಲೇ ಬಿಟ್ಟ. ಹೆಗಲಿಗೆ ಹಾಕಿಕೊಳ್ಳುವ ಚಿಕ್ಕ ಮೆಷೀನನ್ನು ಬಾಡಿಗೆಗೆ ತಂದೆವು. ದಿನಕ್ಕೆ 1,500, ಡೆಪಾಸಿಟ್ 25,000. ಅಂಗಡಿಯವನು ಗುಂಡಿ ಒತ್ತಿ 1ರಿಂದ 5ರವರೆಗೆ ಏರಿಸಿ ತೋರಿಸಿದ. "ಐದು ಲೀಟರ್ ಮೆಷೀನು. ನಿಮ್ಮಪ್ಪಂಗೆ ಬೇಕಿರೋದು ಎರಡೇ, ಧಾರಾಳ." ಬ್ಯಾಟರಿ ನಾಲ್ಕೂವರೆ ಗಂಟೆ ಬರುತ್ತೆ ಅಂದ.

ಆ 5 ಲೀಟರಿನ ಅಂಕಿಯೇ ಅಲ್ಲ. ನಮ್ಮ ಮನೆಯ ದೊಡ್ಡ ಮೆಷೀನ್ ಕೊಳಾಯಿ ಬಿಟ್ಟ ಹಾಗೆ ಒಂದೇ ಸಮನೆ ಆಕ್ಸಿಜನ್ ಬಿಡುತ್ತದೆ. ಈ ಚಿಕ್ಕದು ಮೂಗಿನಲ್ಲಿ ಉಸಿರು ಎಳೆದದ್ದು ಗೊತ್ತಾದಾಗ ಮಾತ್ರ ಒಂದು ಗುಟುಕು ಬಿಡುತ್ತದೆ, ಪುಸ್ ಅಂತ. ಐದು ಅಂದರೆ ಆ ಗುಟುಕಿನ ಗಾತ್ರದ ಐದನೇ ಮೆಟ್ಟಿಲು, ಅಷ್ಟೇ. ಈ ಜಾತಿಯ ಅನೇಕ ಮೆಷೀನುಗಳು ಐದರಲ್ಲಿಟ್ಟರೂ ನಿಮಿಷಕ್ಕೆ ತಯಾರಿಸುವುದು ಒಂದು ಲೀಟರಿನ ಆಸುಪಾಸು. ವ್ಯರ್ಥವಾಗದೆ ಒಳಗೆ ಹೋಗುವುದರಿಂದ ಎಷ್ಟೋ ಜನಕ್ಕೆ ಅದು ಸಾಕಾಗುತ್ತದೆ, ಮೆಷೀನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಬಾಯಿ ತೆರೆದು ಮಲಗುವವರಿಗೆ ರಾತ್ರಿ ಅದನ್ನು ನಂಬುವ ಹಾಗಿಲ್ಲ. ನಮ್ಮಪ್ಪ ಗೊರಕೆ ಹೊಡೆಯುವ ಆಸಾಮಿ.

ಗುಂಡ್ಲುಪೇಟೆ ದಾಟುವಾಗ ಅಪ್ಪನಿಗೆ ಜೋಂಪು ಹತ್ತಿತು. ಮೆಷೀನ್ ಕುಂಯ್ ಕುಂಯ್ ಅಂದಿತು. ಎಬ್ಬಿಸಿದೆವು, ನಿಂತಿತು. ಮತ್ತೆ ನಿದ್ದೆ, ಮತ್ತೆ ಕುಂಯ್. ಉಸಿರು ಸಿಗುತ್ತಿಲ್ಲ ಅಂತ ಅದು ಕೂಗಿಕೊಳ್ಳುತ್ತಿದೆ ಅಂತ ನಮಗೇನು ಗೊತ್ತು? ರಸ್ತೆಯ ಉಬ್ಬಿಗೆ ಪೈಪ್ ಅಲುಗಾಡಿರಬೇಕು ಅಂದುಕೊಂಡೆವು.

ಊಟಿ 2,240 ಮೀಟರ್ ಎತ್ತರದಲ್ಲಿದೆ, ಮೈಸೂರು 770. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ 21 ಶೇಕಡವೇ, ಆದರೆ ಗಾಳಿಯೇ ತೆಳು. ಮೈಸೂರಿನ ಒಂದು ಉಸಿರಿನಲ್ಲಿ ಸಿಗುವುದಕ್ಕಿಂತ ಹೆಚ್ಚುಕಡಿಮೆ ಆರನೇ ಒಂದು ಪಾಲು ಕಮ್ಮಿ. ಕೆರೆ ದಡದಲ್ಲಿ ಹತ್ತು ಹೆಜ್ಜೆ ನಡೆಯುವುದರೊಳಗೆ ಅಪ್ಪ ಕೂತುಬಿಟ್ಟರು. ಮೆಷೀನನ್ನು ಐದಕ್ಕೆ ಏರಿಸಿದೆವು. ಆ ನಾಲ್ಕೂವರೆ ಗಂಟೆಯ ಲೆಕ್ಕ ಎರಡರಲ್ಲಿಟ್ಟರೆ ಮಾತ್ರ ಅನ್ನುವುದು ಸಂಜೆ ಗೊತ್ತಾಯಿತು.

ಸಂಜೆ ಗುಡುಗು ಮಳೆ, 7:40ಕ್ಕೆ ಕರೆಂಟ್ ಹೋಯಿತು. ಬುಕ್ ಮಾಡುವಾಗ ಕಾಟೇಜಿನವರನ್ನು ಎರಡು ಸಲ ಕೇಳಿದ್ದೆ, "24 ಗಂಟೆ ಪವರ್ ಬ್ಯಾಕಪ್" ಅಂದಿದ್ದರು. ಜನರೇಟರ್ ಶುರುವಾಯಿತು, ಬಲ್ಬುಗಳೂ ಹತ್ತಿದವು. ಪ್ಲಗ್ಗಿನಲ್ಲಿ ಮಾತ್ರ ಜೀವವಿಲ್ಲ. ಗೆಸ್ಟುಗಳು ಹೀಟರ್ ಹಾಕ್ತಾರೆ ಅಂತ ಪ್ಲಗ್ಗುಗಳಿಗೆ ಲೈನ್ ಕೊಟ್ಟೇ ಇಲ್ಲವಂತೆ. ಬ್ಯಾಟರಿ ಮೇಲೆ ಮೆಷೀನ್ ಓಡುತ್ತಿತ್ತು. ಅಪ್ಪ ಒಂದು ಇಡ್ಲಿ ತಿಂದು ಒರಗಿದರು.

8:50ಕ್ಕೆ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 81. ಚಳಿಗೆ ಬೆರಳು ತಣ್ಣಗಾಗಿದ್ದರೆ ಅದು ತಪ್ಪು ತೋರಿಸುವುದುಂಟು, ಅಂಗೈ ಉಜ್ಜಿ ಮತ್ತೆ ಹಾಕಿದೆ. 80. ಅಮ್ಮ ಮಾತಿಲ್ಲದೆ ತಾವು ಹೊದ್ದಿದ್ದ ಶಾಲು ತೆಗೆದು ಅಪ್ಪನ ಕೈಗೆ ಸುತ್ತಿದರು. 82. ತುಟಿ ನೋಡಿದೆ, ನೇರಳೆ ಹಣ್ಣು ತಿಂದ ಹಾಗಿತ್ತು.

ನಮ್ಮ ಪುಣ್ಯ, ಮನೆಯಲ್ಲಿ ಕರೆಂಟ್ ಹೋದಾಗಿನ ಬಳಕೆಗಿದ್ದ ಬಿ-ಟೈಪ್ ಸಿಲಿಂಡರನ್ನು ತಮ್ಮ ಬೆಡ್‌ಶೀಟ್ ಸುತ್ತಿ ಡಿಕ್ಕಿಗೆ ಹಾಕಿದ್ದ. ಅದು ತುಂಬಿದ್ದರೆ ಒತ್ತಡ 150 ಬಾರ್, ಆಕ್ಸಿಜನ್ ಸುಮಾರು 1,500 ಲೀಟರ್. ಕೀ ತಿರುಗಿಸಿ ನೋಡಿದರೆ ಮುಳ್ಳು 70ರಲ್ಲಿ ನಿಂತಿದೆ, ಅಂದರೆ ಸುಮಾರು 700 ಲೀಟರ್. ಮನೆಯಲ್ಲಿ ಅಷ್ಟಷ್ಟೇ ಬಳಸಿ ಮುಗಿಸಿದ್ದನ್ನು ಯಾರೂ ನೋಡಿರಲಿಲ್ಲ. ಮೈಸೂರಿನ ಡಾಕ್ಟರು ಫೋನಿನಲ್ಲಿ "ಮೂರು ಲೀಟರ್ ಇಡಿ, ಬೆಳಗಿನವರೆಗೆ ಕಾಯಬೇಡಿ, ಈಗಲೇ ಅಲ್ಲೇ ಆಸ್ಪತ್ರೆಗೆ ಹೋಗಿ" ಅಂದರು. ತಮ್ಮ ಹೋಟೆಲ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದ: 700 ಭಾಗಿಸು 3, ನಾಲ್ಕು ಗಂಟೆಯೂ ಇಲ್ಲ. (ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ ಇರುವವರ ಮನೆಯವರು ಇದನ್ನು ಓದಿ ತಾವಾಗಿಯೇ ಲೀಟರ್ ಏರಿಸಬೇಡಿ. ಅವರಲ್ಲಿ ಕೆಲವರಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಡಾಕ್ಟರು ಹೇಳಿದಷ್ಟೇ ಇಡಿ.)

ಅಷ್ಟರಲ್ಲಿ ಜನರೇಟರಿಗೂ ವಿಶ್ರಾಂತಿ ಕೊಟ್ಟರು. ಕಾಟೇಜಿನ ಹುಡುಗ ಪಾಪ, ಒಳ್ಳೆಯ ಮನಸ್ಸಿನಿಂದಲೇ ಮೇಣದ ಬತ್ತಿ ಹಚ್ಚಿಕೊಂಡು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟ. ಸಿಲಿಂಡರಿನಿಂದ ಒಂದು ಮೊಳ ದೂರ. ಅಪ್ಪನ ಹೊದಿಕೆಯೊಳಗೆಲ್ಲ ಆಕ್ಸಿಜನ್ ತುಂಬಿಕೊಂಡಿತ್ತು, ಒಂದು ಕಿಡಿ ಹಾರಿದ್ದರೆ ಮುಗಿಯುತ್ತಿತ್ತು. ತಮ್ಮ ಕಿರುಚಿದ್ದಕ್ಕೆ ಹುಡುಗ ಬೆಚ್ಚಿ ಬತ್ತಿಯನ್ನು ಬರಿಗೈಯಲ್ಲೇ ಆರಿಸಿದ. ಹೋಮ್‌ಸ್ಟೇಗಳಲ್ಲಿ ಕ್ಯಾಂಪ್ ಫೈರ್ ಅಂತ ಕರೆಯುತ್ತಾರಲ್ಲ, ಅಲ್ಲಿಗೂ ಈ ಪೈಪ್ ಹಾಕಿಕೊಂಡು ಹೋಗಿ ಕೂರಬಾರದು.

ಸೀದಾ ಮೈಸೂರಿಗೇ ಇಳಿದುಬಿಡೋಣ ಅಂತ ಅಮ್ಮ ಅಂದರು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂದ್. ಆಂಬುಲೆನ್ಸ್ ಬಿಡುತ್ತಾರೆ, ನಮ್ಮ ಕಾರನ್ನು ಬಿಡುವುದಿಲ್ಲ. ಬೆಟ್ಟದ ಮೇಲೆ ರೂಮ್ ಮಾಡುವಾಗ ಈ ಗೇಟಿನ ಯೋಚನೆ ನಮ್ಮ ತಲೆಗೇ ಹೋಗಿರಲಿಲ್ಲ.

ಊಟಿಯ ಆಸ್ಪತ್ರೆಯವರು ನಮ್ಮನ್ನು ಚೆನ್ನಾಗಿ ನೋಡಿಕೊಂಡರು, ಅದನ್ನು ಹೇಳಲೇಬೇಕು. ನರ್ಸ್ ನೀಲಗಿರಿಯ ಬಡಗ ಸಮುದಾಯದ ಹುಡುಗಿ, ಅವಳ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ಅಂದರೆ ಅಮ್ಮನಿಗೆ ಅರ್ಧ ಧೈರ್ಯ ಅಲ್ಲೇ ಬಂತು. ನಾಲ್ಕು ಲೀಟರಿಗೆ 92 ಬಂತು. ಡ್ಯೂಟಿ ಡಾಕ್ಟರು ಕೇಳಿದ್ದು ಒಂದೇ, "ಇವರನ್ನು ಇಲ್ಲಿಗೆ ಕರ್ಕೊಂಡು ಬನ್ನಿ ಅಂತ ಯಾರು ಹೇಳಿದ್ದು?"

ಬೆಳಿಗ್ಗೆ ತಮ್ಮ ಬದಲಿ ಸಿಲಿಂಡರ್ ಹುಡುಕಿಕೊಂಡು ಹೋದ. ಸಿಕ್ಕಿತು, ಆದರೆ ಅದರ ಮೂತಿಯೇ ಬೇರೆ. ನಮ್ಮದು ಪಿನ್ ಕೂರುವ ವಾಲ್ವ್, ಅವರದು ಬುಲ್ ನೋಸ್ ಅನ್ನುವ ತಿರುಪಿನ ವಾಲ್ವ್. ನಮ್ಮ ರೆಗ್ಯುಲೇಟರ್ ಅದಕ್ಕೆ ಕಚ್ಚಲೇ ಇಲ್ಲ. ಕೊನೆಗೆ ಆಂಬುಲೆನ್ಸಿನಲ್ಲೇ ಹೊರಟೆವು, 11,000 ರೂಪಾಯಿ. ಬೆಟ್ಟ ಇಳಿದು ಗೂಡಲೂರಿನ ಹತ್ತಿರ ಬರುವಾಗ ಲೀಟರ್ ಏರಿಸದೆಯೇ ಅಂಕಿ 95 ತೋರಿಸಿತು. ಬಂಡೀಪುರದಲ್ಲಿ ಜಿಂಕೆ ಕಂಡಾಗ ಅಪ್ಪ ಎದ್ದು ಕೂತು ಕಾಫಿ ಕೇಳಿದರು.

ಇದನ್ನೆಲ್ಲ ಕೇಳಿದ ನೆಂಟರೊಬ್ಬರು "ಮುಂದಿನ ಸಲ ವಿಮಾನದಲ್ಲಿ ಹೋಗಿ, ಆರಾಮ" ಅಂದರು. ಹಾರುವಾಗ ವಿಮಾನದ ಒಳಗಿನ ಒತ್ತಡ 8,000 ಅಡಿ ಎತ್ತರದ ಗಾಳಿಯಷ್ಟಕ್ಕೆ ಇಳಿಯಬಹುದು, ಅದು ಊಟಿಗಿಂತಲೂ ಮೇಲೆ. ನಮ್ಮ ಸಿಲಿಂಡರನ್ನು ಒಳಗೆ ಬಿಡುವುದಿಲ್ಲ, ಒಪ್ಪಿಗೆ ಇರುವ ಚಿಕ್ಕ ಮೆಷೀನಿಗೆ ಮಾತ್ರ ಅವಕಾಶ. ಡಾಕ್ಟರು ತುಂಬಿದ ಮೆಡಿಕಲ್ ಫಾರಂ ಮೊದಲೇ ಕಳಿಸಬೇಕು. ಪ್ರಯಾಣದ ಹೊತ್ತಿನ ಒಂದೂವರೆಪಟ್ಟು ಬ್ಯಾಟರಿ ಇಟ್ಟುಕೊಳ್ಳಿ ಅಂತ ಅನೇಕ ಕಂಪನಿಗಳು ಕೇಳುತ್ತವೆ.

ಈಗ ನಾನು ಯಾರ ಮಾತನ್ನೂ ಬಾಯಿಮಾತಿಗೆ ನಂಬುವುದಿಲ್ಲ. ಬಾಡಿಗೆ ಮೆಷೀನ್ ಆದರೆ ಅಪ್ಪ ಹೊರಡುವ ಮುಂಚೆ ಎರಡು ರಾತ್ರಿ ಮನೆಯಲ್ಲೇ ಅದರ ಮೇಲೆ ಮಲಗಬೇಕು, ನಾನು ಪಕ್ಕದಲ್ಲಿ ಆಕ್ಸಿಮೀಟರ್ ಹಿಡಿದು ಕೂರಬೇಕು. ಅಂಗಡಿಯವನಿಗೆ ಕೇಳುವುದು ಎರಡೇ ಪ್ರಶ್ನೆ: ಒಂದೇ ಸಮನೆ ಬಿಡುತ್ತಾ ಇಲ್ಲ ಉಸಿರಿಗೊಂದು ಗುಟುಕಾ, ಮತ್ತು ನಮಗೆ ಬೇಕಾದ ಅಂಕಿಯಲ್ಲಿಟ್ಟರೆ ಬ್ಯಾಟರಿ ಎಷ್ಟು ಹೊತ್ತು. ನವೆಂಬರಿನಲ್ಲಿ ಮಲ್ಪೆಗೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿದೆವು, ಸಮುದ್ರ ಮಟ್ಟ, ಹೋಗಿ ಬನ್ನಿ ಅಂದರು. ಹೋಮ್‌ಸ್ಟೇ ಯಜಮಾನರಿಗೆ ವಿಡಿಯೋ ಕಾಲ್ ಮಾಡಿ, "ಮೇನ್ ಸ್ವಿಚ್ ಆಫ್ ಮಾಡಿ, ಮಂಚದ ಪಕ್ಕದ ಪ್ಲಗ್ಗಿಗೆ ಮಿಕ್ಸಿ ಹಾಕಿ ತಿರುಗಿಸಿ ತೋರಿಸಿ" ಅಂದೆ. ದೊಡ್ಡ ಕಾನ್ಸಂಟ್ರೇಟರ್ ಎಳೆಯುವುದು ಸುಮಾರು 350 ವ್ಯಾಟ್, ಮಿಕ್ಸಿ ಅದಕ್ಕಿಂತ ಜಾಸ್ತಿ. ಅವರು ನಕ್ಕರು, ಆದರೆ ಮಿಕ್ಸಿ ತಂದು ತಿರುಗಿಸಿದರು. ಹದಿನಾರು ಕೆಜಿಯ ಮೆಷೀನಿಗೆ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ ಬೆಲ್ಟ್ ಹಾಕಿದೆವು. ಡಿಕ್ಕಿಯಲ್ಲಿ ಅಮ್ಮನ ಬ್ಯಾಗಿಗೆ ಜಾಗವಾಗಲಿಲ್ಲ.

ಊಟಿಯ ಮೆಷೀನಿನ ಡೆಪಾಸಿಟ್‌ನಲ್ಲಿ "ಬ್ಯಾಟರಿ ಸವೆತ" ಅಂತ ಹಿಡಿದುಕೊಂಡ 4,000 ಇನ್ನೂ ಬಂದಿಲ್ಲ.